ಶಂಕುವಾದ ಕಣ್ಣು: ಕೆರಟೋಕೋನಸ್ ಚಿಕಿತ್ಸೆಯ ನೂರೆಪ್ಪತ್ತು ವರ್ಷ

ಕಣ್ಣಿನ ಕಾಯಿಲೆಗಳ ಹೆಸರಿಗೆ ನಮ್ಮ ಕಡೆ ಬರವೇನಿಲ್ಲ. ಪೊರೆ ಬಂದಿದೆ ಅಂತೀವಿ, ಹೂ ಬಿದ್ದಿದೆ ಅಂತೀವಿ, ಮೆಳ್ಳೆಗಣ್ಣು, ಇರುಳುಗಣ್ಣು... ಇವೆಲ್ಲ ಎದುರಿಗಿದ್ದವರಿಗೆ ಕಾಣುವಂಥವು, ಇಲ್ಲಾಂದ್ರೆ ರೋಗಿಯ ನಡಿಗೆಯಲ್ಲೇ ಗೊತ್ತಾಗುವಂಥವು. ಕೆರಟೋಕೋನಸ್ ಹಾಗಲ್ಲ. ಎದುರಿಗೆ ನಿಂತು ನೋಡಿದರೆ ಕಣ್ಣು ಫಳಫಳ ಅಂತ ಚೆನ್ನಾಗೇ ಇರುತ್ತೆ. ಬಹುಶಃ ಅದಕ್ಕೇ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಆಡುಮಾತಲ್ಲಿ ಅದಕ್ಕೆ ಹೆಸರು ಹುಟ್ಟಲಿಲ್ಲ. "ಸೈಟು" ಅನ್ನೋ ಒಂದೇ ಪದದೊಳಗೆ ಅದೂ ಸೇರಿಹೋಗಿದೆ. ಈ ಬರಹ ಅದರ ಚಿಕಿತ್ಸೆಯ ಚರಿತ್ರೆ. ಸ್ವಲ್ಪ ಉದ್ದ ಆಯ್ತು, ಸಹಿಸಿಕೊಳ್ಳಿ :-)

ಮೊದಲು ಕಾಯಿಲೆ ಏನು ಅಂತ ನೋಡೋಣ. ಕಣ್ಣಿನ ಮುಂಭಾಗದಲ್ಲಿ, ಕಪ್ಪು ಗುಡ್ಡೆಯ ಮೇಲೆ, ಕೈಗಡಿಯಾರದ ಗಾಜಿನ ಥರ ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ದಪ್ಪ ಅರ್ಧ ಮಿಲಿಮೀಟರ್, ಅಂದರೆ 540 ಮೈಕ್ರಾನ್ ಆಸುಪಾಸು. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಇದರದ್ದೇ. ಕೆರಟೋಕೋನಸ್ ಬಂದವರಲ್ಲಿ ಈ ಪದರ ತೆಳ್ಳಗಾಗುತ್ತಾ, ಕಣ್ಣಿನ ಒಳಗಿನ ಒತ್ತಡ ತಾಳಲಾರದೆ ಮುಂದಕ್ಕೆ ಉಬ್ಬಿ ಶಂಕುವಿನಂತೆ ಚೂಪಾಗುತ್ತೆ. ಸಾಮಾನ್ಯವಾಗಿ ಹೈಸ್ಕೂಲು, ಪಿಯುಸಿ ವಯಸ್ಸಿನಲ್ಲಿ ಶುರು. ಮೂವತ್ತೈದು-ನಲವತ್ತರ ಹೊತ್ತಿಗೆ ಹೆಚ್ಚಿನವರಲ್ಲಿ ತಾನಾಗೇ ನಿಲ್ಲುತ್ತೆ. ಅಂದರೆ ಓದುವ, ಕೆಲಸ ಹುಡುಕುವ, ಮದುವೆಯಾಗುವ ವಯಸ್ಸನ್ನೆಲ್ಲ ತಿಂದು ಆಮೇಲೆ ನಿಲ್ಲುತ್ತೆ.

ಶಿಡ್ಲಘಟ್ಟದವರಿಗೆ ಇದನ್ನು ಹೇಳೋದು ಸುಲಭ. ರೇಷ್ಮೆ ಗೂಡು ಗಟ್ಟಿಯಾಗಿರೋದು ಬರೀ ಎಳೆಯಿಂದಲ್ಲ, ಎಳೆಗೆ ಎಳೆ ಅಂಟಿಸಿರುವ ಸೆರಿಸಿನ್ ಅನ್ನೋ ಅಂಟಿನಿಂದ. ಬಿಸಿನೀರಲ್ಲಿ ಬೇಯಿಸಿದರೆ ಅಂಟು ಸಡಿಲವಾಗುತ್ತೆ, ಚರಕಕ್ಕೆ ಹಾಕಿ ನೂಲು ಬಿಚ್ಚಬಹುದು. ಕಾರ್ನಿಯಾದಲ್ಲೂ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿವೆ, ಅವುಗಳ ನಡುವೆ ಅಡ್ಡ ಬೆಸುಗೆಗಳಿವೆ. ಆ ಬೆಸುಗೆ ಹಾಕುವ ಕಿಣ್ವಗಳಲ್ಲಿ ಒಂದರ ಹೆಸರು ಲೈಸಿಲ್ ಆಕ್ಸಿಡೇಸ್. ಕೆರಟೋಕೋನಸ್ ಇರುವ ಕಣ್ಣುಗಳಲ್ಲಿ ಅದು ಕಮ್ಮಿಯಾಗಿರುತ್ತೆ, ಕಾಯಿಲೆ ಹೆಚ್ಚಿದಷ್ಟೂ ಇನ್ನೂ ಕಮ್ಮಿ ಅಂತ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ರೋಹಿತ್ ಶೆಟ್ಟಿ ಮತ್ತು ಸಂಗಡಿಗರೂ ಇದ್ದಾರೆ (2015). ಬೆಸುಗೆ ಸಡಿಲ, ಹಾಗಾಗಿ ಗೂಡು ಮೆತ್ತಗೆ. ಅಷ್ಟೇ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ಶಿಡ್ಲಘಟ್ಟದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಂದ. ಹದಿನೇಳು ವರ್ಷ, ಪಿಯುಸಿ. ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದ. ಪ್ರತಿ ಸಲವೂ ಅಂಗಡಿಯಲ್ಲಿ ಹೇಳಿದ್ದು ಒಂದೇ ಮಾತು, "ನಂಬರ್ ಜಾಸ್ತಿ ಆಗಿದೆ, ಮೊಬೈಲ್ ನೋಡೋದು ಕಮ್ಮಿ ಮಾಡು". ಒಂದು ರಾತ್ರಿ ಮಹಡಿ ಮೇಲೆ ಕೂತಿದ್ದಾಗ ಅವನು "ಅಣ್ಣಾ, ಎಡಗಣ್ಣಲ್ಲಿ ಮಾತ್ರ ನೋಡಿದ್ರೆ ಚಂದ್ರ ನಾಕೈದು ಕಾಣ್ತಾನೆ" ಅಂದ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಾರ್ನಿಯಾದ ನಕ್ಷೆ ತೆಗೆಸಿದೆವು. ಬಲಗಣ್ಣು ಮೊದಲ ಹಂತ. ಎಡಗಣ್ಣು ನಾಲ್ಕನೆಯದರ ಹೊಸ್ತಿಲು. ಒಂದೇ ಮುಖದಲ್ಲಿ ಎರಡು ಕಣ್ಣು, ಎರಡಕ್ಕೂ ಬೇರೆ ಬೇರೆ ಚಿಕಿತ್ಸೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಗಿದ್ದು, ಅವು ಬೇರೆ ಬೇರೆ ಕಾಲದ ಚಿಕಿತ್ಸೆಗಳು ಅಂತ. ಯಾವ ಹಂತದಲ್ಲಿ ಸಿಕ್ಕಿಬೀಳ್ತೀವೋ ಅದರ ಮೇಲೆ ನಾವು ಯಾವ ಇಸವಿಯ ವೈದ್ಯಕೀಯಕ್ಕೆ ಹೋಗ್ತೀವಿ ಅನ್ನೋದು ತೀರ್ಮಾನ ಆಗುತ್ತೆ.

ಇರಲಿ, ಚರಿತ್ರೆಗೆ ಬರೋಣ.

1854ರಲ್ಲಿ ಲಿವರ್‌ಪೂಲ್‌ನ ಜಾನ್ ನಾಟಿಂಗ್‌ಹ್ಯಾಮ್ ಎಂಬ ವೈದ್ಯ ಶಂಕುವಿನಾಕಾರದ ಕಾರ್ನಿಯಾದ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಒಂದೇ ಕಣ್ಣಿಗೆ ಒಂದು ವಸ್ತು ಹಲವಾಗಿ ಕಾಣೋದು, ಕನ್ನಡಕ ಹಾಕಿದರೂ ಸರಿಹೋಗದಿರೋದು ಎಲ್ಲ ಅದರಲ್ಲಿದೆ. ಈ ಕಾಯಿಲೆಯನ್ನು ಬೇರೆಯವುಗಳಿಂದ ಬಿಡಿಸಿ ನೋಡಿದ ಕೀರ್ತಿ ಅವನಿಗೇ ಸಲ್ಲುತ್ತೆ. 1869ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಹಾರ್ನರ್ ತನ್ನ ಪ್ರಬಂಧದಲ್ಲಿ ಕೆರಟೋಕೋನಸ್ ಅಂತ ಹೆಸರಿಟ್ಟ. ಗ್ರೀಕಿನಲ್ಲಿ ಕೆರಾಸ್ ಅಂದರೆ ಕೊಂಬು. ಕೊಂಬನ್ನು ತೆಳ್ಳಗೆ ಹೆರೆದರೆ ಹೀಗೇ ಪಾರದರ್ಶಕವಾಗಿರುತ್ತೆ ಅಂತ ಕಾರ್ನಿಯಾಕ್ಕೂ ಲ್ಯಾಟಿನ್ನಿನಲ್ಲಿ ಕೊಂಬಿನ ಹೆಸರೇ ಬಂದಿದ್ದು.

ಹೆಸರಿಟ್ಟಾಯ್ತು, ಮದ್ದು? ಆಗಿನ ಪ್ರಯತ್ನಗಳನ್ನು ಓದಿದರೆ ಮೈ ಜುಂ ಅನ್ನುತ್ತೆ. ಲಂಡನ್ನಿನ ವಿಲಿಯಂ ಬೌಮನ್ (ಕಾರ್ನಿಯಾದ ಒಂದು ಪದರಕ್ಕೆ ಅವನ ಹೆಸರೇ ಇದೆ) ಕಣ್ಣಿನ ಪಾಪೆಯನ್ನು ಕೊಕ್ಕೆ ಹಾಕಿ ಎಳೆದು ಬೆಕ್ಕಿನ ಕಣ್ಣಿನ ಥರ ಸೀಳಾಗಿ ಮಾಡಿದ. ಕಿರಿದಾದ ಸಂದಿಯಿಂದ ನೋಡಿದರೆ ಚಿತ್ರ ಸ್ವಲ್ಪ ಸ್ಪಷ್ಟ ಅನ್ನೋ ಲೆಕ್ಕ. ಬರ್ಲಿನ್ನಿನ ಫಾನ್ ಗ್ರೇಫೆ ಶಂಕುವಿನ ತುದಿಯನ್ನು ಸಿಲ್ವರ್ ನೈಟ್ರೇಟಿನಿಂದ ಸುಟ್ಟ. ಗಾಯ ಮಾಯುವಾಗ ಕಲೆ ಬಿಗಿದುಕೊಂಡು ಉಬ್ಬು ತಗ್ಗಲಿ ಅಂತ. ಇವರು ಮೂರ್ಖರಲ್ಲ, ಆ ಕಾಲದ ದೊಡ್ಡ ತಲೆಗಳು. ಉಬ್ಬಿದ ಮೇಲೆ ಏನು ಮಾಡೋದು ಅನ್ನೋ ಪ್ರಶ್ನೆಯೊಂದೇ ಅವರ ಮುಂದಿತ್ತು. ಉಬ್ಬದಂತೆ ತಡೆಯೋದು ಹೇಗೆ ಅಂತ ಕೇಳಲು ಅವರ ಹತ್ತಿರ ಉಪಕರಣವೂ ಇರಲಿಲ್ಲ, ರಸಾಯನಶಾಸ್ತ್ರವೂ ಇರಲಿಲ್ಲ.

ಮೊದಲ ನಿಜವಾದ ಉಪಾಯ ಬಂದಿದ್ದು 1888ರಲ್ಲಿ. ಜ್ಯೂರಿಕ್‌ನ ಅಡಾಲ್ಫ್ ಫಿಕ್ ಗಾಜಿನ ಚಿಪ್ಪು ಮಾಡಿ ಮೊದಲು ಮೊಲದ ಕಣ್ಣಿಗೆ, ಆಮೇಲೆ ತನ್ನದೇ ಕಣ್ಣಿಗೆ, ಆಮೇಲೆ ರೋಗಿಗಳಿಗೆ ಹಾಕಿದ. ಚಿಪ್ಪಿಗೂ ಕಣ್ಣಿಗೂ ನಡುವೆ ಸಕ್ಕರೆಯ ದ್ರಾವಣ. ಭಾರ, ನೋವು, ಒಂದೆರಡು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಲಾಗದು. ಅದೇ ವರ್ಷ ಪ್ಯಾರಿಸ್ಸಿನ ಯೂಜೀನ್ ಕಾಲ್ಟ್ ಕೂಡ ಕೆರಟೋಕೋನಸ್‌ಗೇ ಗಾಜಿನ ಚಿಪ್ಪು ಬಳಸಿದ. ಇವತ್ತು ಅಂದಕ್ಕೆ ಹಾಕಿಕೊಳ್ಳುವ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ ಹೊತ್ತಿನಲ್ಲೇ ನಮ್ಮ ಈ ಕಾಯಿಲೆ ಪಕ್ಕದಲ್ಲಿತ್ತು ಅಂತ ಗೊತ್ತಾದಾಗ ನನಗೆ ವಿಚಿತ್ರ ಖುಷಿಯಾಯ್ತು. ತತ್ವ ಸರಳ. ಒರಟು ನೆಲದ ಮೇಲೆ ನೀರು ನಿಂತರೆ ಮೇಲ್ಮೈ ಸಪಾಟಾಗುತ್ತಲ್ಲ, ಹಾಗೆ. ಉಬ್ಬಿದ ಕಾರ್ನಿಯಾದ ಏರುತಗ್ಗನ್ನು ದ್ರವ ತುಂಬುತ್ತೆ, ಗಟ್ಟಿ ಚಿಪ್ಪು ಹೊಸ ನುಣುಪು ಮೇಲ್ಮೈ ಆಗುತ್ತೆ. ಕನ್ನಡಕ ಇದನ್ನು ಮಾಡಲಾರದು. 1948ರಲ್ಲಿ ಕೆವಿನ್ ಟುವೊಹಿ ಕಾರ್ನಿಯಾದ ಮೇಲಷ್ಟೇ ಕೂರುವ ಪುಟ್ಟ ಪ್ಲಾಸ್ಟಿಕ್ ಲೆನ್ಸ್ ತಂದ. 1970ರ ದಶಕದ ಕೊನೆಗೆ ಆಮ್ಲಜನಕ ಹಾಯುವ ಗಟ್ಟಿ ಲೆನ್ಸ್ ಬಂತು. ಈಚೆಗೆ ಕಣ್ಣಿನ ಬಿಳಿಭಾಗದ ಮೇಲೆ ಕೂತು ಕಾರ್ನಿಯಾವನ್ನು ಮುಟ್ಟದೆ ಕಮಾನಿನಂತೆ ದಾಟುವ ಸ್ಕ್ಲೀರಲ್ ಲೆನ್ಸ್ ಇದೆ. ಅದು ಫಿಕ್‌ನ ಚಿಪ್ಪಿಗೇ ಹೋಲುತ್ತೆ, ವಸ್ತು ಬೇರೆ. ಆದರೆ ಯಾವ ಲೆನ್ಸೂ ಕಾಯಿಲೆಯನ್ನು ನಿಲ್ಲಿಸೋದಿಲ್ಲ. ಕಾಣುವಂತೆ ಮಾಡುತ್ತೆ, ಒಳಗೆ ಉಬ್ಬುವುದು ಉಬ್ಬುತ್ತಲೇ ಇರುತ್ತೆ.

ಮುಂದಿನ ದಾರಿ ಕಸಿ. 1905ರ ಡಿಸೆಂಬರ್ 7ರಂದು ಮೊರಾವಿಯಾದ ಓಲೊಮೋಟ್ಸ್ ಊರಿನಲ್ಲಿ ಎಡುವರ್ಡ್ ಜಿರ್ಮ್, ಸುಣ್ಣ ಬಿದ್ದು ಕಣ್ಣು ಕಳೆದುಕೊಂಡಿದ್ದ ಅಲೋಯಿಸ್ ಗ್ಲೋಗರ್ ಎಂಬ ಕೂಲಿಯವನಿಗೆ ಕಾರ್ನಿಯಾ ಕಸಿ ಮಾಡಿದ. ಕೊಟ್ಟಿದ್ದು ಕಬ್ಬಿಣದ ಚೂರು ಹೊಕ್ಕು ಕಣ್ಣನ್ನೇ ತೆಗೆಯಬೇಕಾಗಿ ಬಂದಿದ್ದ ಹನ್ನೊಂದು ವರ್ಷದ ಹುಡುಗ. ಮನುಷ್ಯನಿಂದ ಮನುಷ್ಯನಿಗೆ ಯಶಸ್ವಿಯಾದ ಮೊದಲ ಕಾರ್ನಿಯಾ ಕಸಿ ಅದು. 1930ರ ದಶಕದಲ್ಲಿ ಒಡೆಸ್ಸಾದ ಫಿಲಟೋವ್ ಸತ್ತವರ ಕಣ್ಣನ್ನೂ ಬಳಸಬಹುದು ಅಂತ ತೋರಿಸಿದ. 1936ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಕಾಸ್ಟ್ರೊವಿಯೆಹೊ ಕೆರಟೋಕೋನಸ್‌ಗೇ ಕಸಿ ಮಾಡುತ್ತಿದ್ದ. ಭಾರತದ ಮೊದಲ ನೇತ್ರ ಬ್ಯಾಂಕು 1945ರಲ್ಲಿ ಮದರಾಸಿನಲ್ಲಿ ಶುರುವಾಯ್ತು.

ಈ ಹೊತ್ತಿಗೆ ನಮ್ಮ ನಾಲ್ಕು ತಾಲ್ಲೂಕುಗಳ ಕಥೆ ಏನಿತ್ತು? ಆಗ ಇವೆಲ್ಲ ಕೋಲಾರ ಜಿಲ್ಲೆ (ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ). ಬೆಂಗಳೂರಿನ ಮಿಂಟೋ ಆಸ್ಪತ್ರೆ ಈಗಿನ ಕಟ್ಟಡಕ್ಕೆ ಬಂದಿದ್ದು 1913ರಲ್ಲಿ. ಬೆಂಗಳೂರು-ಚಿಕ್ಕಬಳ್ಳಾಪುರ ಚಿಕ್ಕ ರೈಲು ಓಡತೊಡಗಿದ್ದು 1915ರಲ್ಲಿ. ಅಂದರೆ ನೂರು ವರ್ಷದ ಹಿಂದೆಯೇ ದಾರಿಯಿತ್ತು, ಆಸ್ಪತ್ರೆಯೂ ಇತ್ತು. ಆದರೆ ಆ ದಾರಿಯಲ್ಲಿ ಹೋದವರು ಮುಖ್ಯವಾಗಿ ಪೊರೆಯವರು. ಪೊರೆಯವರ ಸಂಖ್ಯೆ ಎಷ್ಟಿತ್ತೆಂದರೆ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಬೇಕಾಯ್ತು. 1968ರಲ್ಲಿ ತಿರುಪತಿಯಲ್ಲಿ ಅವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ದಾಖಲೆ. 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮುಖ್ಯ ಗುರಿಯೂ ಪೊರೆಯೇ. ಅದು ಸರಿಯಾದದ್ದೇ, ತಕರಾರಿಲ್ಲ. ಆದರೆ ಇದರಿಂದ ನಮ್ಮೂರುಗಳಲ್ಲಿ ಒಂದು ನಂಬಿಕೆ ಬೇರೂರಿತು. ಕಣ್ಣಿನ ಆಸ್ಪತ್ರೆ ಅಂದರೆ ಮುದುಕರಿಗೆ, ಹುಡುಗರಿಗೆ ಕನ್ನಡಕದ ಅಂಗಡಿ ಸಾಕು ಅಂತ. ಕೆರಟೋಕೋನಸ್ ಬೆಳೆಯೋದು ಈ ಸಂದಿಯಲ್ಲೇ.

ಈಗ ನನಗೆ ತುಂಬಾ ಇಷ್ಟವಾದ ಭಾಗ, ವೃತ್ತಿದೋಷ ಅಂದುಕೊಳ್ಳಿ. 1880ರಲ್ಲಿ ಪೋರ್ಚುಗಲ್ಲಿನ ಪ್ಲಾಸಿಡೊ ಒಂದು ತಟ್ಟೆಯ ಮೇಲೆ ಕಪ್ಪು-ಬಿಳುಪು ಉಂಗುರ ಬರೆದು, ಕಾರ್ನಿಯಾದಲ್ಲಿ ಅದರ ಪ್ರತಿಬಿಂಬ ನೋಡಿದ. ಉಂಗುರ ಗುಂಡಗಿದ್ದರೆ ಕಾರ್ನಿಯಾ ಸರಿ, ಮೊಟ್ಟೆಯಾಗಿದ್ದರೆ ಅಥವಾ ಒಂದು ಕಡೆ ಒತ್ತಾಗಿದ್ದರೆ ಏನೋ ಎಡವಟ್ಟು. ಮಾರ್ಕ್ ಆಮ್ಸ್ಲರ್ ಇದನ್ನೇ ಫೋಟೋ ತೆಗೆದು ಕಾಯಿಲೆಯನ್ನು ಹಂತಗಳಾಗಿ ವಿಂಗಡಿಸಿದ. 1980ರ ದಶಕದಲ್ಲಿ ಸ್ಟೀಫನ್ ಕ್ಲೈಸ್ ಆ ಉಂಗುರಗಳನ್ನು ಕಂಪ್ಯೂಟರಿಗೆ ಕೊಟ್ಟ. ಅಲ್ಲಿಂದ ಬಂದಿದ್ದು ಬಣ್ಣದ ನಕ್ಷೆ: ಚೂಪಾದ ಕಡೆ ಕೆಂಪು, ಸಪಾಟಾದ ಕಡೆ ನೀಲಿ. ರೋಗಿಗೇ ಗೊತ್ತಾಗುವ ಮೊದಲು ಕಾಯಿಲೆಯನ್ನು ನೋಡಲು ಸಾಧ್ಯವಾಗಿದ್ದು ಆಗ. ಚಿಕಿತ್ಸೆಯ ಚರಿತ್ರೆಯಲ್ಲಿ ಇದನ್ನು ಯಾರೂ ಚಿಕಿತ್ಸೆ ಅಂತ ಎಣಿಸೋದಿಲ್ಲ. ನನ್ನ ಪ್ರಕಾರ ಇದಿಲ್ಲದೆ ಮುಂದಿನದಕ್ಕೆ ಬೆಲೆಯೇ ಇಲ್ಲ.

ಮುಂದಿನದು ಜರ್ಮನಿಯ ಡ್ರೆಸ್ಡೆನ್ನಿನದು. ಸಕ್ಕರೆ ಕಾಯಿಲೆ ಇರುವವರಲ್ಲಿ ಕೆರಟೋಕೋನಸ್ ಅಪರೂಪ ಅನ್ನೋದು ವೈದ್ಯರ ಗಮನಕ್ಕೆ ಬಂದಿತ್ತು. ರಕ್ತದಲ್ಲಿನ ಸಕ್ಕರೆ ಕೊಲಾಜನ್ ಎಳೆಗಳ ನಡುವೆ ಬೆಸುಗೆ ಹಾಕಿ ಬಿರುಸು ಮಾಡುತ್ತೆ. (ಸಕ್ಕರೆ ಕಾಯಿಲೆಯಿಂದ ಒಂದು ಉಪಕಾರ ಅಂತ ಆಗಿದ್ದರೆ ಇದೊಂದೇ ಇರಬೇಕು!) ಹಾಗಾದರೆ ಬೇಕೆಂದೇ ಬೆಸುಗೆ ಹಾಕಿದರೆ? ಥಿಯೋ ಸೈಲರ್, ಎಬರ್‌ಹಾರ್ಡ್ ಸ್ಪೋರ್ಲ್, ಗ್ರೆಗೋರ್ ವೊಲೆನ್‌ಸಾಕ್ ಕಂಡುಕೊಂಡ ವಿಧಾನ ಹೀಗಿದೆ. ಕಾರ್ನಿಯಾದ ಮೇಲುಪದರ ಕೆರೆದು ತೆಗೆದು, ಅರ್ಧ ಗಂಟೆ ರೈಬೋಫ್ಲೇವಿನ್ ಹನಿ ಹಾಕೋದು. ಅದು ಬಿ-2 ವಿಟಮಿನ್, ಹಳದಿ ಬಣ್ಣದ್ದು. ಆಮೇಲೆ ಅರ್ಧ ಗಂಟೆ ಅತಿನೇರಳೆ ಬೆಳಕು ಬಿಡೋದು. ಬೆಳಕು ಬಿದ್ದ ವಿಟಮಿನ್ ಎಳೆಗೆ ಎಳೆ ಬೆಸೆಯುತ್ತೆ. 2003ರಲ್ಲಿ ಅವರು 22 ಜನರ 23 ಕಣ್ಣುಗಳ ವರದಿ ಪ್ರಕಟಿಸಿದರು. ಎಲ್ಲದರಲ್ಲೂ ಕಾಯಿಲೆ ಮುಂದುವರಿಯುವುದು ನಿಂತಿತ್ತು, 16 ಕಣ್ಣುಗಳಲ್ಲಿ ಉಬ್ಬು ಸ್ವಲ್ಪ ತಗ್ಗಿಯೂ ಇತ್ತು. ನಾಟಿಂಗ್‌ಹ್ಯಾಮ್‌ನ ಪುಸ್ತಕದಿಂದ ಇಲ್ಲಿಗೆ 149 ವರ್ಷ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇದನ್ನು ಸಿ-ತ್ರೀ-ಆರ್ ಅಂತ ಕರೆಯೋದು ರೂಢಿ.

ಇದಕ್ಕೊಂದು ಷರತ್ತಿದೆ. ಆ ಬೆಳಕು ಕಾರ್ನಿಯಾದ ಒಳಮೈಯ ಜೀವಕೋಶಗಳಿಗೆ ತಾಗಬಾರದು. ಅದಕ್ಕೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ದಪ್ಪ ಇರಬೇಕು ಅನ್ನೋದು ಡ್ರೆಸ್ಡೆನ್ ಲೆಕ್ಕ. ತೆಳುವಾದ ಕಣ್ಣುಗಳಿಗೆ ಆಮೇಲೆ ಬೇರೆ ಉಪಾಯಗಳು ಬಂದವು. ಚೆನ್ನೈನ ಡಾ. ಸೂಸನ್ ಜೇಕಬ್ ರೈಬೋಫ್ಲೇವಿನ್‌ನಲ್ಲಿ ನೆನೆಸಿದ ಮೆದು ಲೆನ್ಸನ್ನು ಕಾರ್ನಿಯಾದ ಮೇಲಿಟ್ಟು ಬೆಳಕು ಹಾಯಿಸುವ ವಿಧಾನ ತಂದರು. ಆದರೂ ಮೂಲ ಮಾತು ಅದೇ: ಗೂಡು ಗಟ್ಟಿ ಮಾಡಬೇಕಾದರೆ ಗೂಡು ಇನ್ನೂ ಉಳಿದಿರಬೇಕು. ಇನ್ನೊಂದು ವಿಷಯ, ಸಿ-ತ್ರೀ-ಆರ್ ಇದ್ದ ದೃಷ್ಟಿಯನ್ನು ಕಾಯುತ್ತೆ, ಹೋದದ್ದನ್ನು ತರೋದಿಲ್ಲ. ಮಾಡಿಸಿಕೊಂಡ ಮೇಲೂ ಕನ್ನಡಕವೋ ಲೆನ್ಸೋ ಬೇಕಾಗುತ್ತೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು "ಇಷ್ಟು ಖರ್ಚು ಮಾಡಿ ಏನು ಬಂತು" ಅಂತಾರೆ. ನಮ್ಮ ಚಿಕ್ಕಪ್ಪನೂ ಅದನ್ನೇ ಅಂದರು.

ಹಂತದ ಲೆಕ್ಕವನ್ನು ಅಂದಾಜಾಗಿ ಹೇಳ್ತೀನಿ, ವೈದ್ಯರು ಬೇರೆ ಅಳತೆಗಳನ್ನೂ ಸೇರಿಸಿ ನೋಡ್ತಾರೆ. ಕಾರ್ನಿಯಾದ ಬಾಗು ಸಾಮಾನ್ಯವಾಗಿ 43-44 ಡಯಾಪ್ಟರ್. 48ರವರೆಗೆ ಮೊದಲ ಹಂತ. ಕನ್ನಡಕದಲ್ಲೇ ನಡೆಯುತ್ತೆ, ಬೆಳೆಯುತ್ತಿದೆ ಅಂತ ಕಂಡರೆ ಸಿ-ತ್ರೀ-ಆರ್. ಹದಿಹರೆಯದವರಲ್ಲಿ ಬೇಗ ಬೆಳೆಯೋದರಿಂದ ಬಹಳ ಕಾಯಬಾರದು ಅಂತಾರೆ. 53ರವರೆಗೆ ಎರಡನೆಯದು. ದಪ್ಪ ಸಾಲುವಷ್ಟಿದ್ದರೆ ಅದೇ ಚಿಕಿತ್ಸೆ, ಜೊತೆಗೆ ಗಟ್ಟಿ ಲೆನ್ಸ್. ಮೂರನೆಯದರಲ್ಲಿ ಕಾರ್ನಿಯಾದೊಳಗೆ ಅರೆ ಉಂಗುರ ಸೇರಿಸಿ ಆಕಾರ ತಿದ್ದುವ ವಿಧಾನವೂ ಇದೆ. ಆ ಪ್ಲಾಸ್ಟಿಕ್ ಉಂಗುರಕ್ಕೆ ಅಮೆರಿಕದಲ್ಲಿ ಕೆರಟೋಕೋನಸ್‌ಗೆಂದು ಅನುಮತಿ ಸಿಕ್ಕಿದ್ದು 2004ರಲ್ಲಿ. ಪ್ಲಾಸ್ಟಿಕ್ ಬದಲು ದಾನಿಯ ಕಾರ್ನಿಯಾದಿಂದಲೇ ಉಂಗುರ ಕತ್ತರಿಸಿ ಹಾಕುವ ಕ್ರಮವನ್ನು ಅದೇ ಸೂಸನ್ ಜೇಕಬ್ 2018ರಲ್ಲಿ ಪ್ರಕಟಿಸಿದರು. 55 ದಾಟಿ, ನಡುವೆ ಕಲೆ ಬಿದ್ದರೆ ನಾಲ್ಕನೆಯದು, ಅಲ್ಲಿ ಕಸಿಯ ಮಾತು ಬರುತ್ತೆ. ಕಸಿಯೂ ಬದಲಾಗಿದೆ. ಮೊದಲು ಪೂರ್ತಿ ದಪ್ಪವನ್ನೇ ಬದಲಾಯಿಸುತ್ತಿದ್ದರು. 2002ರಲ್ಲಿ ಅನ್ವರ್ ಮತ್ತು ಟೈಕ್‌ಮನ್ ಗಾಳಿಯ ಗುಳ್ಳೆ ಬಿಟ್ಟು ಪದರ ಬಿಡಿಸುವುದನ್ನು ತೋರಿಸಿದ ಮೇಲೆ, ರೋಗಿಯ ಒಳಪದರವನ್ನು ಹಾಗೇ ಉಳಿಸಿ ಮೇಲಿನದನ್ನಷ್ಟೇ ಕಸಿ ಮಾಡೋದು ಹೆಚ್ಚಾಯ್ತು. ದೇಹ ತಿರಸ್ಕರಿಸುವ ಅಪಾಯ ಇದರಲ್ಲಿ ಕಮ್ಮಿ.

ಪದರ ಬಿಡಿಸುವುದರ ಇನ್ನೊಂದು ಲಾಭವನ್ನು ಕರ್ನಾಟಕ ಕಣ್ಣಾರೆ ಕಂಡಿತು. 1994ರಲ್ಲಿ ಶುರುವಾದ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕಿಗೆ 2006ರಲ್ಲಿ ಅಣ್ಣಾವ್ರ ಕಣ್ಣೇ ಬಂತು. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ ಅವರ ಎರಡು ಕಾರ್ನಿಯಾಗಳನ್ನು ಮೇಲುಪದರ, ಒಳಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದ್ದು ನಿಮಗೆಲ್ಲ ನೆನಪಿರುತ್ತೆ. ಕೆರಟೋಕೋನಸ್ ಕೊನೆಯ ಹಂತಕ್ಕೆ ಹೋದವರು ಕಾಯೋದು ಅಂಥ ಮೇಲುಪದರಕ್ಕೇ.

ಇನ್ನು ಈ ಕಾಯಿಲೆ ಎಷ್ಟು ಜನಕ್ಕಿದೆ? ಅಮೆರಿಕದ ಮಿನೆಸೋಟದ ಹಳೆಯ ಲೆಕ್ಕ (1986) ಲಕ್ಷಕ್ಕೆ 54.5. ನಾಗಪುರದ ಹತ್ತಿರದ ಹಳ್ಳಿಗಳಲ್ಲಿ ಮೂವತ್ತು ದಾಟಿದವರನ್ನು ಪರೀಕ್ಷಿಸಿದ 2009ರ ವರದಿಯಲ್ಲಿ ನೂರಕ್ಕೆ 2.3. ಅಳೆದ ರೀತಿ ಬೇರೆ, ಹಾಗಾಗಿ ಒಂದರ ಪಕ್ಕ ಇನ್ನೊಂದನ್ನು ಇಟ್ಟು ಗುಣಿಸಬಾರದು. ಆದರೂ ನಮ್ಮಲ್ಲಿ ಇದು ಅಪರೂಪ ಅನ್ನೋ ಮಾತನ್ನು ಇನ್ನು ಬಿಡಬಹುದು. ಕಣ್ಣು ಉಜ್ಜೋದಕ್ಕೂ ಇದಕ್ಕೂ ನಂಟಿದೆ ಅಂತ ಅಧ್ಯಯನಗಳು ಹೇಳುತ್ತವೆ. ಅಲರ್ಜಿ, ಕಡಿತ, ಉಜ್ಜುವಿಕೆ, ಇದೇ ಸರಪಳಿ. ರೇಷ್ಮೆಯ ದೂಳಿಂದ, ಸೆರಿಸಿನ್‌ನಿಂದ ಕೆಲವರಿಗೆ ಅಲರ್ಜಿ, ಉಬ್ಬಸ ಬರೋದು ದಾಖಲಾಗಿದೆ. ಅಂತ ಶಿಡ್ಲಘಟ್ಟದಲ್ಲಿ ಕೆರಟೋಕೋನಸ್ ಜಾಸ್ತಿ ಅಂತ ನಾನು ಹೇಳ್ತಿಲ್ಲ. ಕಣ್ಣು ಕಡಿಯುವ ಮಗುವಿಗೆ ಬೈಯುವ ಬದಲು ಕಡಿತಕ್ಕೆ ಮದ್ದು ಹಾಕಿಸಿ ಅಂತ ಮಾತ್ರ.

ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಇತ್ತು. ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ 2024ರಲ್ಲಿ ಉಚಿತ ಕನ್ನಡಕ ಕೊಟ್ಟರು. ಒಳ್ಳೆಯ ಕೆಲಸ. ಇಂಥ ಕಡೆ ಎರಡು ಪ್ರಶ್ನೆ ಸೇರಿಸಿದರೆ ಸಾಕು ಅನ್ನಿಸುತ್ತೆ: ವರ್ಷದಲ್ಲಿ ಎಷ್ಟು ಸಲ ನಂಬರ್ ಬದಲಾಯ್ತು? ಹೊಸ ಕನ್ನಡಕ ಹಾಕಿದರೂ ಅಕ್ಷರಕ್ಕೆ ನೆರಳು ಕಾಣುತ್ತಾ? ಹೌದು ಅಂದವರ ಕಣ್ಣಿಗೆ ರೆಟಿನೋಸ್ಕೋಪಿನಿಂದ ಬೆಳಕು ಬಿಟ್ಟರೆ, ಒಳಗಿನ ಹೊಳಪು ಕತ್ತರಿಯ ಎರಡು ಅಲಗಿನ ಥರ ಆಡುತ್ತೆ. ಈ ಉಪಕರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನಕ್ಷೆ ತೆಗೆಯುವ ದೊಡ್ಡ ಯಂತ್ರ ಎಲ್ಲ ಊರಲ್ಲೂ ಬೇಕಿಲ್ಲ, ಯಾರನ್ನು ಅಲ್ಲಿಗೆ ಕಳಿಸಬೇಕು ಅಂತ ಗೊತ್ತಾದರೆ ಸಾಕು.

ನಮ್ಮ ಹುಡುಗನ ಬಲಗಣ್ಣಿಗೆ ಸಿ-ತ್ರೀ-ಆರ್ ಆಯ್ತು. ಮೂರು ದಿನ ನೋವು, ನೀರು ಸುರಿಯೋದು, ಕತ್ತಲೆ ಕೋಣೆ. ಆರು ತಿಂಗಳ ನಂತರದ ನಕ್ಷೆಯಲ್ಲಿ ಬಾಗು ಅಷ್ಟೇ ಇತ್ತು. ಕನ್ನಡಕದಲ್ಲೇ ಓದ್ತಾನೆ. ಎಡಗಣ್ಣಿಗೆ ಸದ್ಯ ಸ್ಕ್ಲೀರಲ್ ಲೆನ್ಸ್. ಬೆಳಗ್ಗೆ ಸಲೈನ್ ತುಂಬಿ ಹಾಕಿಕೊಳ್ಳಬೇಕು, ರಾತ್ರಿ ತೆಗೆದು ತೊಳೆದಿಡಬೇಕು. ಮನೆ ತುಂಬಾ ಗೂಡಿನ ದೂಳು, ಅದಕ್ಕೇ ಲೆನ್ಸಿನ ಡಬ್ಬಿಗೆ ಅಂತ ಚಿಕ್ಕಮ್ಮ ದೇವರ ಕೋಣೆಯಲ್ಲಿ ಒಂದು ಗೂಡು ಬಿಟ್ಟುಕೊಟ್ಟಿದ್ದಾರೆ. ಕಲೆ ದಟ್ಟವಾದರೆ ಕಸಿ, ಇಲ್ಲದಿದ್ದರೆ ಹೀಗೇ ಮುಂದುವರಿಸೋಣ ಅಂದಿದ್ದಾರೆ ಡಾಕ್ಟರು. ಮುಂದಿನ ನಕ್ಷೆ ಯುಗಾದಿ ಕಳೆದ ಮೇಲೆ. ಹತ್ತನೇ ಕ್ಲಾಸಿನಲ್ಲಿರುವ ಅವನ ತಂಗಿಯನ್ನೂ ಆಗ ಕರೆದುಕೊಂಡು ಬನ್ನಿ ಅಂದಿದ್ದಾರೆ, ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರದ್ದೂ ನೋಡಬೇಕಂತೆ.